ಮೀಸೆಗೆ ಕುಂಕುಮ

ಶಿಕಾರಿಪುರದಲ್ಲಿ ನನ್ನಷ್ಟು ಹಿಂದಿ ಬಲ್ಲವರು ಇನ್ನೊಬ್ಬರಿಲ್ಲ. ಇದರಲ್ಲಿ ಅರ್ಧ ಸುಳ್ಳು. ನನಗೆ ಬರುವುದು ಒಟ್ಟು ಆರು ಪದ, ಅದೂ ಪಕ್ಕದ ಮನೆಯ ಟೀವಿಯಿಂದ ಬಂದದ್ದು. ಉಳಿದ ಅರ್ಧ ನಿಜ. ಆ ಆರರಲ್ಲಿ ಗಂಡು ಪದ ಯಾವುದು, ಹೆಣ್ಣು ಪದ ಯಾವುದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಅದನ್ನು ಕಲಿಸಿದವಳು ನನ್ನ ಮೊಮ್ಮಗಳು ಗಂಗಾಶ್ರೀ, ಐದನೇ ಕ್ಲಾಸು.

ಕಲಿಸಿದ ಹೊತ್ತಿನಲ್ಲಿ ಅವಳು ದೇವರ ಕೋಣೆಯ ಮೂಲೆಯಲ್ಲಿ ಕುಳಿತು ನಡುಗುತ್ತಿದ್ದಳು.

ಸಂಜೆ ಐದೂವರೆ. ಅವಳ ಮುಂದೆ ಒಂದು ನೋಟ್‌ಬುಕ್ಕು ತೆರೆದುಕೊಂಡು ಬಿದ್ದಿತ್ತು. ಎರಡು ಪುಟದ ತುಂಬ ಕೆಂಪು. ಓಣಿಯ ಅರ್ಧ ಜನಕ್ಕೆ ಮೂಗಿನಲ್ಲಿ ರಕ್ತ ಬಂದು, ಎಲ್ಲರೂ ಅಲ್ಲೇ ಒರೆಸಿಕೊಂಡಂತೆ ಇತ್ತು.

"ಅಜ್ಜಿ, ಬಾಗಿಲು ಹಾಕು," ಎಂದಳು. "ಅವ್ವಂಗೆ ಗೊತ್ತಾಗಬಾರ್ದು."

ಬಾಗಿಲು ಹಾಕಿದೆ. ಏನಾಯಿತೆಂದು ಕೇಳಿದೆ. ಅಳುತ್ತ, ಬಿಕ್ಕುತ್ತ, ಮೂಗು ಒರೆಸುತ್ತ ಹೇಳಿದಳು.

ಆ ನೋಟ್‌ಬುಕ್ಕು ಅವಳದ್ದಲ್ಲ. ಹಿಂದಿ ಕಲಿಸುವ ನೀಲಾಂಬಿಕ ಟೀಚರದ್ದು. ಅವರು ತಾವು ಓದುವಾಗ ಇಂಕ್ ಪೆನ್ನಿನಲ್ಲಿ ದುಂಡಗೆ ಬರೆದಿಟ್ಟುಕೊಂಡ ಪದಗಳು. ಯಾವುದು ಗಂಡು, ಯಾವುದು ಹೆಣ್ಣು ಎಂದು ಅದರಲ್ಲಿ ಎಲ್ಲ ಇತ್ತು.

ನಮ್ಮ ಮಾತಿನಲ್ಲಿ ಆ ತಾಪತ್ರಯ ಇಲ್ಲ. ಮನುಷ್ಯರನ್ನೂ ದೇವರನ್ನೂ ಬಿಟ್ಟರೆ ಮಿಕ್ಕಿದ್ದೆಲ್ಲ 'ಅದು'. ಕುರ್ಚಿ ಮುರಿಯಿತು, ಬಸ್ಸು ಬಂತು, ಎಮ್ಮೆ ಒದೆಯಿತು. ಹಿಂದಿಯಲ್ಲಿ ಹಾಗಲ್ಲವಂತೆ. ಕುರ್ಚಿ ಮುರಿದುಬಿದ್ದಳು, ಮನೆ ಬಿದ್ದ. ಕಲ್ಲಿಗೂ ಕಡ್ಡಿಗೂ ಗಂಡು ಹೆಣ್ಣು. ಅದರಲ್ಲೂ ಮೀಸೆ ಹೆಣ್ಣಂತೆ. ನನ್ನ ಮಗ ಪರಮಶಿವಪ್ಪನ ಮೀಸೆಯ ಎರಡು ತುದಿಗೆ ಎರಡು ಕೊಡ ನೀರು ನೇತುಹಾಕಬಹುದು. ಈ ಸುದ್ದಿಯನ್ನು ಅಪ್ಪನ ಮುಂದೆ ಮಾತ್ರ ಎತ್ತಬೇಡ ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಅವಳು ಕುರ್ಚಿಯನ್ನು ಗಂಡು ಮಾಡಿಬಿಟ್ಟಿದ್ದಳಂತೆ. ಎಲ್ಲರೂ ನಕ್ಕರಂತೆ. ಅದಕ್ಕೇ ಟೀಚರು ನೋಟ್‌ಬುಕ್ಕನ್ನು ಒಬ್ಬೊಬ್ಬರಿಗೆ ಒಂದೊಂದು ದಿನ ಕೊಡುತ್ತೇನೆ ಎಂದಾಗ, ಮೊದಲು ನನಗೆ ಎಂದು ಕಾಡಿ ಬೇಡಿ ಇಸಕೊಂಡು ಬಂದಿದ್ದಳು. ಕೊಡುವಾಗ ಟೀಚರು ಒಂದು ಮಾತು ಹೇಳಿದ್ದರು. ಪೆನ್ನಿನ ಗೆರೆಯಾಗಲಿ, ಪೆನ್ಸಿಲಿನ ಗೆರೆಯಾಗಲಿ ಇದರ ಮೇಲೆ ಬೀಳಕೂಡದು. ಬಿದ್ದರೆ ಕ್ಲಾಸಿನಲ್ಲಿ ಮುಂದೆ ಯಾರಿಗೂ ಇದು ಸಿಗುವುದಿಲ್ಲ.

ನನ್ನ ಮೊಮ್ಮಗಳು ವಕೀಲೆ ಆಗಬೇಕಾದವಳು. ಪೆನ್ನು ಬೇಡ, ಪೆನ್ಸಿಲು ಬೇಡ ಅಂದಿದ್ದಾರೆ; ಕುಂಕುಮ ಬೇಡ ಅಂದಿಲ್ಲವಲ್ಲ ಎಂದುಕೊಂಡಳು. ದೇವರ ಕೋಣೆಗೆ ಬಂದು ಹೆಣ್ಣು ಪದಕ್ಕೆಲ್ಲ ಒಂದೊಂದು ಕುಂಕುಮದ ಬೊಟ್ಟು ಇಟ್ಟಳು. ಗಂಡು ಪದಕ್ಕೆಲ್ಲ ವಿಭೂತಿಯನ್ನು ನೀರಿನಲ್ಲಿ ಅದ್ದಿ ಪಟ್ಟೆ ಎಳೆದಳು. ಚೆನ್ನಾಗಿ ಕಾಣಿಸಿತು. ಹಾಳೆ ಸುರುಟಬಾರದೆಂದು ನೋಟ್‌ಬುಕ್ಕು ಮುಚ್ಚಿ, ಮೇಲೆ ರಾಗಿ ಡಬ್ಬ ಹೇರಿ, ಆಟಕ್ಕೆ ಹೋದಳು.

ಬಂದು ತೆಗೆದರೆ ಈ ಅವತಾರ. ಬಲಗಡೆಯ ಕುಂಕುಮ ಎಡಗಡೆಗೆ ಅಂಟಿತ್ತು, ಎಡಗಡೆಯದು ಬಲಗಡೆಗೆ. ವಿಭೂತಿಯ ನೀರು ಇಂಕನ್ನು ಕರಗಿಸಿತ್ತು. ಕೆಲವು ಅಕ್ಷರ ಊದಿಕೊಂಡಿದ್ದವು, ಕೆಲವು ಇರಲೇ ಇಲ್ಲ; ಗಂಡು, ಹೆಣ್ಣು ಎಂದು ಗುರುತು ಹಾಕಿದ್ದೂ ಕಲಸಿಹೋಗಿತ್ತು.

ಬಳ್ಳಿಗಾವಿಯ ಒಂದು ಮದುವೆಯಲ್ಲಿ ನೂರು ಸೀರೆಯ ಕಲೆ ತೆಗೆದವಳು ನಾನು, ಇದು ಯಾವ ಲೆಕ್ಕ ಎಂದೆ. ಅಕ್ಕಿಹಿಟ್ಟು ಉದುರಿಸಿ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿದೆ. ಬೊಟ್ಟಾಗಿದ್ದ ಕೆಂಪು ಹರಡಿ ಅಂಗೈ ಅಗಲವಾಯಿತು. ಬಟ್ಟೆ ಕೆಳಗಿಟ್ಟೆ. ಸೀರೆ ನೂರಲ್ಲ, ಎರಡು.

ಗಂಗಾಶ್ರೀ ಈಗ ಅಳುತ್ತಿರಲಿಲ್ಲ. ನೋಟ್‌ಬುಕ್ಕು ಮುಚ್ಚಿ, ಅದರ ಬೆನ್ನು ಸವರುತ್ತ ಕುಳಿತಳು. ಮಕ್ಕಳು ಅತ್ತರೆ ಹೆದರಿಕೆಯಿಲ್ಲ, ಸುಮ್ಮನಾದರೆ ಹೆದರಿಕೆ.

"ನಾಳೆ ಕೊಟ್ರೇಶನ ಪಾಳಿ," ಎಂದಳು. "ಗೇಟಿನಾಗೆ ಅವನ ಚೀಲಕ್ಕೆ ಹಾಕಿಬಿಟ್ರೆ ಆತು. ಅವನು ತೆಗೆದು ನೋಡೋದು ಮನೀಗೆ ಹೋದ ಮ್ಯಾಲೇ."

ಕೊಟ್ರೇಶ್ ಅವಳ ಬೆಂಚಿನ ಹುಡುಗ. ಅವನ ಪುಸ್ತಕಗಳಿಗೆ ಸಾರಿನ ಕಲೆ, ಎಣ್ಣೆಯ ಕಲೆ, ಸೈಕಲ್ ಗ್ರೀಸಿನ ಕಲೆ. ಅವನೇ ಮಾಡಿದ ಎಂದರೆ ಶಾಲೆಯ ಗೋಡೆಯೂ ಹೌದು ಎನ್ನುತ್ತದೆ.

ಬೇರೆ ದಿನವಾದರೆ ಏನಾದರೂ ಹೇಳಿ ಕಿಚಾಯಿಸುತ್ತಿದ್ದೆ. ಅವತ್ತು ಚೆಲ್ಲಿದ್ದ ಅಕ್ಕಿಹಿಟ್ಟು ಗುಡಿಸುತ್ತ ಕುಳಿತೆ. ಅವಳು ನನ್ನ ಮುಖ ನೋಡಿದಳು. ಬೈಯುತ್ತೇನೋ, ಹೂಂ ಎನ್ನುತ್ತೇನೋ ಎಂದು ಕಾದಳು. ನಾನು ಎರಡನ್ನೂ ಮಾಡಲಿಲ್ಲ. ನೋಡುತ್ತ ನೋಡುತ್ತ ಅವಳ ಕಣ್ಣು ನನ್ನ ಹಣೆಯ ಮೇಲೆ ನಿಂತಿತು.

"ಅವ್ವ ಎರಡೂ ಹಚ್ಕೊಂತಾಳೆ," ಎಂದಳು ಮೆಲ್ಲಗೆ. "ಅಪ್ಪ ಬರೀ ವಿಭೂತಿ. ನೀನೂ ಬರೀ ವಿಭೂತಿ. ನನ್ನ ಲೆಕ್ಕದಾಗೆ ನೀನು ಗಂಡಸು ಆಗ್ತಿ ಅಜ್ಜಿ."

ಅವಳ ಅಜ್ಜ ತೀರಿಕೊಂಡು ಹನ್ನೊಂದು ವರ್ಷ. ಅವತ್ತಿನಿಂದ ನನ್ನ ಹಣೆಗೆ ಕುಂಕುಮವಿಲ್ಲ. ಅವಳು ಹುಟ್ಟಿದಾಗಿನಿಂದ ಕಂಡ ಹಣೆಯನ್ನು ಹೊಸದಾಗಿ ನೋಡುತ್ತಿದ್ದಳು.

"ಹಂಗಾದ್ರೆ ಓಣ್ಯಾಗೆ ನನ್ನ ಕಂಡು ಮುದುಕಿ ಬಂದ ಅಂತಾರೇನು?" ಎಂದು ಕೇಳಿದೆ.

"ಇಲ್ಲ. ಮುದುಕಿ ಬಂದ್ಲು ನೋಡು ಅಂತಾರೆ."

"ಹಣೆ ನೋಡಿ ಅಂತಾರಾ?"

ಇಲ್ಲವೆಂದು ತಲೆ ಆಡಿಸಿದಳು. ಬಂದ್ಲು, ಬಂದ್ಲು ಎಂದು ಎರಡು ಸಲ ತುಟಿಯಲ್ಲೇ ಅಂದುಕೊಂಡಳು. ಆಮೇಲೆ ನೋಟ್‌ಬುಕ್ಕನ್ನು ಮತ್ತೆ ತೆರೆದು, ಪುಟದ ಅಂಚಿಗೆ ಮುಖ ತಂದಳು.

ಪ್ರತಿ ಪದದ ಪಕ್ಕದಲ್ಲಿ ಟೀಚರು ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದೊಂದು ವಾಕ್ಯ ಬರೆದಿದ್ದರು. ಪೆನ್ಸಿಲು ನೀರಿಗೆ ಕರಗಿರಲಿಲ್ಲ. ಬೊಟ್ಟು ಇಡುವ ಸಂಭ್ರಮದಲ್ಲಿ ಅವಳು ಅದನ್ನು ಓದಿಯೇ ಇರಲಿಲ್ಲ.

"ಘರ್ ಬಡಾ ಹೈ," ಎಂದು ಓದಿದಳು. "ಕುರ್ಸೀ ಬಡೀ ಹೈ." ಮನೆ ದೊಡ್ಡದು, ಕುರ್ಚಿ ದೊಡ್ಡದು ಎಂದು ನನಗೆ ಅರ್ಥ ಹೇಳಿದಳು. ನಮಗೆ ಎರಡೂ ದೊಡ್ಡದು. ಅವರಿಗೆ ಒಂದು ಬಡಾ, ಒಂದು ಬಡೀ.

"ಪದದ ಮುಖದ ಮ್ಯಾಲೆ ಏನೂ ಇರಲ್ಲ ಅಜ್ಜಿ," ಎಂದಳು. "ಜೊತೀಗೆ ಬರೋ ಮಾತು ಹೇಳ್ತೈತಿ."

ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿದವಳಂತೆ ತಲೆ ಆಡಿಸಿದೆ.

ಅವಳು ತನ್ನದೊಂದು ಹೊಸ ನೋಟ್‌ಬುಕ್ಕು ತಂದಳು. ಮೊದಲ ಪುಟದಿಂದ ಹಿಡಿದು ಪದ, ಪದದ ಪಕ್ಕದಲ್ಲಿ ವಾಕ್ಯ, ಎಲ್ಲವನ್ನೂ ಬರೆಯುತ್ತ ಹೋದಳು. ಅಳಿಸಿ ಹೋದ ಪದವನ್ನು ವಾಕ್ಯದೊಳಗಿಂದ ಹುಡುಕಿ ತೆಗೆದಳು. ಬೊಟ್ಟಿಲ್ಲ, ಪಟ್ಟೆಯಿಲ್ಲ. ಊಟಕ್ಕೆ ಮೂರು ಸಲ ಕರೆದರೂ ಏಳಲಿಲ್ಲ. ಕೊಟ್ರೇಶನ ಮಾತು ಮತ್ತೆ ಎತ್ತಲಿಲ್ಲ.

ಬೆಳಿಗ್ಗೆ ಶಾಲೆಯವರೆಗೆ ಜೊತೆಗೆ ಹೋದೆ. ಗೇಟಿನಲ್ಲೇ ಕೊಟ್ರೇಶ್ ಚೀಲದ ಬಾಯಿ ತೆರೆದುಕೊಂಡು ನಿಂತಿದ್ದ. ಪಾಪ, ಅವತ್ತು ಕೈ ತೊಳೆದುಕೊಂಡು ಬಂದಿದ್ದ. ಕೊಡು ಕೊಡು ಎಂದ.

ಗಂಗಾಶ್ರೀಯ ಒಂದು ಕೈಯಲ್ಲಿ ಟೀಚರ ನೋಟ್‌ಬುಕ್ಕು, ಇನ್ನೊಂದರಲ್ಲಿ ತನ್ನದು. ಅವಳು ನಿಂತಳು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು.

ಅವಳು ತನ್ನದನ್ನು ಅವನ ಕೈಗಿಟ್ಟಳು. "ಇದ್ರಾಗೆ ಎಲ್ಲ ಐತಿ. ಟೀಚರ ಬುಕ್ಕನ್ನ ನಾನು ಟೀಚರಿಗೇ ಕೊಡಬೇಕು," ಎಂದಳು.

ಟೀಚರ ಮೇಜಿನ ಪಕ್ಕದ ಕಿಟಕಿಯ ಹೊರಗೆ ನಿಂತು ನೋಡಿದೆ. ನೀಲಾಂಬಿಕ ಟೀಚರು ಪುಟ ತೆರೆದರು. ಅವರು ಬೈಯಲಿಲ್ಲ. ಊದಿದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅದೇ ಬೈಗುಳಕ್ಕಿಂತ ಜೋರಾಗಿತ್ತು. ಯಾರು ಮಾಡಿದ್ದು ಎಂದು ಕೇಳಿದರು.

"ನಾನ್ರೀ ಟೀಚರ್. ಕುಂಕುಮ ನಂದೇ, ನೀರೂ ನಂದೇ."

ಟೀಚರು ಅಂಚಿನ ಪೆನ್ಸಿಲ್ ಬರಹವನ್ನು ಅಂಗೈಯಿಂದ ಮುಚ್ಚಿ, ಒಂದು ಪದ ತೋರಿಸಿ, ಇದು ಯಾವುದು ಎಂದರು. ಪಾನಿ, ಅಂದರೆ ನೀರು. ಎದುರು ಪುಟದಿಂದ ಬಂದು ಅಂಟಿದ ಕುಂಕುಮ ಅದರ ಮೇಲೆ ಹೊಳೆಯುತ್ತಿತ್ತು. ಮುಂದಿನ ಬೆಂಚಿನ ರಕ್ಷಿತಾ ಇಣುಕಿ, ಹೆಣ್ಣು ಹೆಣ್ಣು ಎಂದು ಪಿಸುಗುಟ್ಟಿದಳು.

ಗಂಗಾಶ್ರೀ ಪುಟದ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಯಾರದೋ ಮಾತಿಗೆ ಕಿವಿಗೊಟ್ಟವಳಂತೆ ಒಂದು ಕ್ಷಣ ನಿಂತಳು.

"ಠಂಡಾ ಪಾನಿ," ಎಂದಳು. "ಠಂಡೀ ಅನ್ನಲ್ಲ. ಗಂಡು, ಟೀಚರ್."

ಟೀಚರು ಅಂಗೈ ತೆಗೆದರು. ಕೊಟ್ರೇಶನಿಂದ ಹೊಸ ನೋಟ್‌ಬುಕ್ಕು ಇಸಕೊಂಡರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟು, ಒಂದೊಂದೇ ಸಾಲು ಹೋಲಿಸಿದರು. ಇಡೀ ಕ್ಲಾಸು ಅವರ ಮುಖವನ್ನೇ ನೋಡುತ್ತಿತ್ತು. ಗಂಗಾಶ್ರೀ ಮಾತ್ರ ನೋಡುತ್ತಿರಲಿಲ್ಲ. ಅವಳ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಬಾಗಿಲು, ಹಲಗೆ, ಕಿಟಕಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಬಡಾ, ಬಡೀ ಎಂದು ಜೊತೆ ಹುಡುಕುತ್ತಿದ್ದಳು.

ಟೀಚರು ಪೆನ್ನಿನ ಮುಚ್ಚಳ ತೆಗೆದರು. ಎರಡರಲ್ಲಿ ಒಂದು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡು ಒಂದೇ ಒಂದು ಸಾಲು ಬರೆದರು.

ಯಾವುದರ ಮೇಲೆ? ಏನಂತ? ನಾನು ಹೇಳುವುದಿಲ್ಲ. ನೀವೇ ಹೇಳಿ ನೋಡೋಣ.