ರತ್ನಗಂಬಳಿಯ ಮೇಲಿನ ಶಾಯಿ

“ಆ ಶಾಯಿ ಕಲೆ ಮಾತ್ರ ತೆಗೀಬ್ಯಾಡಮ್ಮ. ಮನೆ ನಿಂದು ಅಂದ್ಕೊಂಡು ಏನು ಬೇಕಾದ್ರೂ ಮಾಡ್ಕೋ. ಅದನ್ನ ಮುಟ್ಟಬ್ಯಾಡ.”

ಬೀಗದ ಕೈ ಕೊಡುವಾಗ ಭ್ರಮರಾಂಬ ಹೇಳಿದ ಮಾತು ಅದು. ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಆ ಫ್ಲ್ಯಾಟಿನ ಒಡತಿ ಆಕೆ. ಬಳ್ಳಾರಿಯಲ್ಲಿ ಹುಟ್ಟಿ ವಿಜಯವಾಡಕ್ಕೆ ಸೊಸೆಯಾಗಿ ಹೋದವಳಾದ್ದರಿಂದ ಕನ್ನಡ ಇನ್ನೂ ನಾಲಿಗೆಯ ಮೇಲಿತ್ತು. ಹಾಲ್‌ನ ನಡುವೆ ಕೆಂಪು ರತ್ನಗಂಬಳಿ, ಅದರ ಮೇಲೆ ಅಂಗೈಯಗಲದ ನೀಲಿಗಪ್ಪು ಕಲೆ. ಅದು ಬರೆಯುವ ಶಾಯಿಯಲ್ಲ, ಮಾಟದ್ದು ಎಂದಳು ಭ್ರಮರಾಂಬ.

“ಮಾಟ ಮಾಡೋರಿಗೂ ಪೆನ್ನು ಲೀಕ್ ಆಗುತ್ತಾ ಆಂಟಿ?” ಎಂದು ಅನು ನಕ್ಕಳು.

ಭ್ರಮರಾಂಬ ಬೇಸರಪಡಲಿಲ್ಲ. ಬಹಳ ದಿನ ಬಿಗಿಹಿಡಿದಿದ್ದ ಉಸಿರು ಬಿಟ್ಟವಳಂತೆ ಅವಳ ಭುಜಗಳು ಇಳಿದವು. ಮೆಟ್ಟಿಲಿಳಿದು ಹೋದಳು.

ಅನು ಚಿತ್ರದುರ್ಗದ ಹುಡುಗಿ, ಬ್ಯಾಂಕಿನ ಆಫೀಸರ್. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಿದ್ದಳು. ಗಂಡ ಧನಂಜಯನಿಗೆ ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಬಾಯಿ ಮುಚ್ಚಿ ಕೂರುವ ಮನುಷ್ಯನಲ್ಲ ಅವನು. ಸ್ನಾನ ಮಾಡುತ್ತ ಮಾತು, ಶರ್ಟಿನ ಗುಂಡಿ ಹಾಕುತ್ತ ಮಾತು. ಕಂಪನಿ ಬಸ್ಸು ಹತ್ತಿದ ಮೇಲೂ ಅಲ್ಲಿಂದಲೇ ಅವಳಿಗೆ ವಾಯ್ಸ್ ಮೆಸೇಜು. ಗೊತ್ತಿಲ್ಲದ ಊರಿನಲ್ಲಿ ಆ ದನಿಯೇ ಅವಳಿಗೆ ಮನೆ.

ಆದರೆ ಕಲೆ ಅವಳನ್ನು ಕಾಡಿತು. ಟೀಪಾಯಿ ಇಟ್ಟು ಮುಚ್ಚಿದರೂ ಅದರ ಕಾಲಿನ ಸಂದಿಯಿಂದ ಇಣುಕುತ್ತಿತ್ತು. ಊಟಕ್ಕೆ ಕೂತರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಧನಂಜಯ ಶಿಫ್ಟಿಗೆ ಹೋಗಿದ್ದಾಗ ಅವಳು ಮೆಡಿಕಲ್ ಶಾಪಿನಿಂದ ಸರ್ಜಿಕಲ್ ಸ್ಪಿರಿಟ್ ತಂದು, ಹತ್ತಿ ಹಿಡಿದು ಮಂಡಿಯೂರಿದಳು. ಉಜ್ಜಿದರೆ ಕಲೆ ಹರಡುತ್ತದೆಂದು ಗೊತ್ತಿತ್ತು. ಅಂಚಿನಿಂದ ನಡುವಿಗೆ ಮೆಲ್ಲಗೆ ಒತ್ತತೊಡಗಿದಳು.

ಹತ್ತಿ ನೀಲಿಯಾಯಿತು. ಇನ್ನೊಂದು ತೆಗೆದಳು. ಅದೂ ನೀಲಿಯಾಯಿತು. ಸ್ಪಿರಿಟ್ಟಿನ ಘಾಟಿನ ಅಡಿಯಿಂದ ಬೇರೊಂದು ವಾಸನೆ ಎದ್ದಿತು: ಸುಟ್ಟ ಕೂದಲು, ನೆನೆದ ಬೂದಿ. ಗಂಬಳಿಯ ಕೆಳಗೆ ಯಾರೋ ಒಣ ಗಂಟಲು ಸರಿಮಾಡಿಕೊಂಡ ಸದ್ದು. ಕೆಳಗಿನ ಮನೆಯವರಿರಬೇಕು ಎಂದುಕೊಂಡು, ಸೋಪಿನ ಉಗುರುಬೆಚ್ಚನೆಯ ನೀರಿನಲ್ಲಿ ಬಿಳಿ ಬಟ್ಟೆ ಅದ್ದಿ ಒತ್ತಿದಳು. ಸಂಜೆಯ ಹೊತ್ತಿಗೆ ಅಲ್ಲಿ ಕಲೆಯಿದ್ದ ಗುರುತೂ ಉಳಿಯಲಿಲ್ಲ. ಫೋಟೋ ತೆಗೆದು ಗಂಡನಿಗೆ ಕಳಿಸಿದಳು.

ಮರುದಿನ ಹಲ್ಲುಜ್ಜುವಾಗ ಧನಂಜಯ ಕನ್ನಡಿಗೆ ನಾಲಿಗೆ ಚಾಚಿದ. ಅಂಚು ನೀಲಿ. ನೇರಳೆಹಣ್ಣು ತಿಂದೆನೇನೋ ಎಂದು ನಗಾಡಿದ. ಆಮೇಲೆ ಮಾತಿನ ನಡುವೆ ಒಂದೊಂದೇ ಪದ ಸಿಗದಾಯಿತು. ಉಪ್ಪು ಕೇಳಲು ಬಾಯಿ ತೆರೆದು ಹಾಗೇ ಕೂತ. ವಾರ ಕಳೆಯುವುದರೊಳಗೆ ದನಿ ಒಡೆದು, ಸವೆದು, ಬರೀ ಗಾಳಿಯಾಯಿತು. ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿ, ಎಲ್ಲ ಸರಿಯಾಗಿದೆಯಲ್ಲ ಎಂದರು. ನೀಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಅನುವಿಗೆ ಮಾತ್ರ ಕಾಣುತ್ತಿತ್ತು: ನಾಲಿಗೆಯಿಂದ ಕಿರುನಾಲಿಗೆಗೆ, ಅಲ್ಲಿಂದ ಇನ್ನೂ ಕೆಳಗೆ.

ತಡೆಯಲಾರದೆ ಅವಳು ಅವನ ಹಳೆಯ ವಾಯ್ಸ್ ಮೆಸೇಜು ಹಾಕಿದಳು. ಬಸ್ಸಿನ ಹಾರ್ನ್ ಕೇಳಿತು. ಜೊತೆಯವರ ನಗು ಕೇಳಿತು. ಅವನ ಮಾತಿರಬೇಕಾದ ಕಡೆಯೆಲ್ಲ ಬರೀ ಉಸಿರು. ಇನ್ನೊಂದು ಹಾಕಿದಳು. ಅದೂ ಹಾಗೇ. ಮತ್ತೊಂದು. ಮತ್ತೊಂದು.

ಮಾರನೆಯ ಬೆಳಿಗ್ಗೆಯೇ ವಿಜಯವಾಡದ ರೈಲು ಹತ್ತಿದಳು.

ಭ್ರಮರಾಂಬಳ ಮನೆಯ ಜಗಲಿಯಲ್ಲಿ ವಯಸ್ಸಾದ ಗಂಡಸೊಬ್ಬ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ತೆಲುಗಿನಲ್ಲಿ ಮಾತಾಡಿಸುತ್ತಿದ್ದ. ಅವಳ ಗಂಡ ರಾಮ್‌ಪ್ರಸಾದ್. ಅನುವನ್ನು ಕಂಡ ಭ್ರಮರಾಂಬ ಏಕೆ ಬಂದೆ ಎಂದು ಕೇಳಲಿಲ್ಲ. ಒಳಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ, ತಾನಾಗಿಯೇ ಹೇಳಿದಳು. ಆಸ್ತಿಯ ಜಗಳದಲ್ಲಿ ಮೈದುನನೇ ಇಬ್ರಾಹಿಂಪಟ್ನಂ ಕಡೆಯ ಮಂತ್ರವಾದಿಯಿಂದ ಅಣ್ಣನ ಬಾಯಿ ಕಟ್ಟಿಸಿದ್ದ. ಬಾಯಿಗೆ ಹಿಡಿದ ಆ ಮಾಟದ ಶಾಯಿ ಶ್ವಾಸಕ್ಕಿಳಿಯುವ ಮೊದಲು ಇನ್ನೊಬ್ಬ ಮಂತ್ರವಾದಿ ಅದನ್ನು ಗಾಜುವಾಕದ ಮನೆಯ ಗಂಬಳಿಗೆ ಇಳಿಸಿ ಜೀವ ಉಳಿಸಿದ. ದನಿ ಮಾತ್ರ ಆ ಕಲೆಯಲ್ಲೇ ಉಳಿಯಿತು. ಅನು ಕಲೆ ತೆಗೆದ ದಿನವೇ ಅದು ಅವನಿಗೆ ಮರಳಿತ್ತು.

“ಹಂಗಾದ್ರೆ ನನಗ್ಯಾಕೆ ಬೇಡ ಅಂದ್ರಿ?” ಅನು ಕೇಳಿದಳು.

“ಹೇಳದೆ ತೆಗೆಸಿದ್ರೆ ಅದು ಬಿಡಾದಿಲ್ಲಮ್ಮ. ಬ್ಯಾಡ ಅಂತ ಹೇಳಿಸ್ಕೊಂಡು, ನಕ್ಕು, ತನ್ನ ಕೈಯಾರೆ ತೆಗೀಬೇಕು. ನಿನಗಿಂತ ಮುಂಚೆ ಬಂದೋರೆಲ್ಲ ಹೆದರಿಕೊಂಡ್ರು.” ಭ್ರಮರಾಂಬ ಸೆರಗಿನಿಂದ ಬಾಯಿ ಒತ್ತಿಕೊಂಡಳು. “ನೀನು ನಕ್ಕೆ.”

ತೆಗೆದವರಿಗೆ ಏನೂ ಆಗುವುದಿಲ್ಲ. ಅವರಿಗೆ ಯಾರ ದನಿ ಪ್ರಾಣವೋ ಅವರನ್ನು ಅದು ಹಿಡಿಯುತ್ತದೆ ಎಂದೂ ಹೇಳಿದಳು. ಗಂಡನನ್ನು ಬದುಕಿಸಿಕೊಳ್ಳಬೇಕಾದರೆ ಕಲೆಯಿದ್ದ ಜಾಗಕ್ಕೇ ಅವನ ಬಾಯಿ ತಾಗಿಸಿ ಮಲಗಿಸಬೇಕು, ಬಿಡಬಾರದು. ಅಷ್ಟರಲ್ಲಿ ರಾಮ್‌ಪ್ರಸಾದ್ ಬಾಗಿಲು ತಳ್ಳಿ, ಬಂದ ಹುಡುಗಿಗೆ ಕಾಫಿ ಕೊಟ್ಟೆಯಾ ಎಂದು ವಿಚಾರಿಸಿದ. ಎಷ್ಟು ತುಂಬಿದ ದನಿ. ಬೈಯಬೇಕೆಂದಿದ್ದ ಅನು ಚೀಲ ಎತ್ತಿಕೊಂಡು ಹೊರಟಳು.

ಅವಳು ಮರಳುವಾಗ ಸಮುದ್ರದ ಕಡೆಯಿಂದ ಬಿರುಗಾಳಿ ಎದ್ದಿತ್ತು. ಕರೆಂಟಿರಲಿಲ್ಲ. ಕತ್ತಲ ಹಾಲ್‌ನಲ್ಲಿ ಧನಂಜಯ ಗೋಡೆಗೊರಗಿ ಕೂತಿದ್ದ. ಅವನ ಎದೆಯೊಳಗಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತಿತ್ತು. ಅವನ ತುಟಿ ಅಲುಗುತ್ತಿರಲಿಲ್ಲ.

ಎಳೆದಳು. ಬೋರಲು ಮಲಗಿಸಿದಳು. ತಲೆ ಒತ್ತಿ ಹಿಡಿದಳು. ಅವನು ಕೊಸರಿದ. ಬಿಡಲಿಲ್ಲ. ಸುಟ್ಟ ಕೂದಲ ವಾಸನೆ. ಬೂದಿ. ಕಿಟಕಿ ದಡದಡ ಬಡಿಯಿತು. ಬೆರಳುಗಳ ನಡುವೆ ತಣ್ಣಗಿನದೇನೋ ಹರಿಯಿತು. ಅವನ ಮೈ ಒಮ್ಮೆ ಬಿಲ್ಲಿನಂತೆ ಸೆಟೆಯಿತು. ಸಡಿಲಾಯಿತು.

ಉಸಿರಾಟ ಕೇಳಿಸಿತು. ಹಗುರವಾದ, ತಿಳಿಯಾದ ಉಸಿರು. ಮೊಬೈಲಿನ ಬೆಳಕು ಹಿಡಿದಳು. ನಾಲಿಗೆ ಕೆಂಪಗಿತ್ತು. ಗಂಬಳಿಯ ಮೇಲೆ ಅಂಗೈಯಗಲದ ಕಲೆ ಇನ್ನೂ ಒದ್ದೆಯಾಗಿತ್ತು.

ಅವನು ಬದುಕಿದ. ಮಾತು ಮರಳಲಿಲ್ಲ. ಭ್ರಮರಾಂಬ ಹೇಳಿದ್ದನ್ನೆಲ್ಲ ಅನು ಅವನಿಗೆ ತಿಳಿಸಿದಳು. ತನ್ನೊಳಗೆ ಮೊಳೆತಿದ್ದ ಯೋಚನೆಯೊಂದನ್ನು ಮಾತ್ರ ಮುಚ್ಚಿಟ್ಟಳು.

ಬ್ಯಾಂಕಿಗೆ ಹೊಸದಾಗಿ ಬಂದ ಅಕ್ಷಯಾ ಹಾಸನದವಳು. ಕ್ಯಾಷ್ ಕೌಂಟರಿನ ಮೇಲೆ ಯಾರೋ ಕಟ್ಟಿದ್ದ ದೃಷ್ಟಿ ನಿಂಬೆಹಣ್ಣನ್ನು ಕಿತ್ತು, ಶರಬತ್ತು ಮಾಡೋಣವಾ ಎಂದು ನಕ್ಕವಳು. ಅನು ಅವಳನ್ನು ಚಹಾಕ್ಕೆ ಕರೆದಳು. ಅಕ್ಷಯಾ ಪುಟ್ಟ ಮಗಳನ್ನೂ ಕರೆತಂದಳು. ದಾರಿಯಲ್ಲಿ ಕಂಡ ತೆಲುಗು ಬೋರ್ಡುಗಳನ್ನೆಲ್ಲ ಮಗು ಒಂದೊಂದಕ್ಷರ ಕೂಡಿಸಿ ಇನ್ನೂ ಒಪ್ಪಿಸುತ್ತಲೇ ಇತ್ತು. ಅಮ್ಮ ಅದರ ಬಾಯನ್ನೇ ನೋಡುತ್ತಿದ್ದಳು.

ಅಕ್ಷಯಾ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಕಲೆ ನೋಡಿದಳು. “ಅಯ್ಯೋ, ಇಷ್ಟು ಚೆನ್ನಾಗಿರೋ ಗಂಬಳಿ ಮೇಲೆ! ಹಾಲು, ನಿಂಬೆರಸ ಕೊಡಿ ಮೇಡಂ, ಈಗಲೇ ತೆಗೆದುಬಿಡ್ತೀನಿ.”

ಬೇಡ ಎಂದರೆ ಸಾಕು. ಮಾಟ ಎಂದರೆ ಸಾಕು, ಇವಳು ನಗುತ್ತಾಳೆ. ಮಗುವಿನ ದನಿ ಕಿವಿಗೆ ಬೀಳುತ್ತಿತ್ತು. ಗಂಡನ ದನಿ ಮತ್ತೆ ಕೇಳಬೇಕಿತ್ತು. ಬಾಯಿ ತೆರೆದಳು. “ಅದನ್ನ—”

ಹಿಂದಿನಿಂದ ಬಂದ ಅಂಗೈ ಅವಳ ಬಾಯಿ ಮುಚ್ಚಿತು.

ಧನಂಜಯ. ಅವನ ಕಣ್ಣು ಮಗುವಿನ ಮೇಲಿತ್ತು. ಅನು ಒದ್ದಾಡಿದಳು. ಅವನು ಕೈ ಸಡಿಲಿಸಲಿಲ್ಲ. ಗಂಡ ಹೆಂಡತಿಯ ತಮಾಷೆಯೆಂದು ಅಕ್ಷಯಾ ನಾಚಿ, ಕಲೆಯ ಮಾತು ಬಿಟ್ಟು ಅಡುಗೆಮನೆಯ ಕಡೆ ತಿರುಗಿದಳು. ಅನು ಅವನ ಅಂಗೈಯೊಳಗೇ ಅತ್ತಳು.

ಮರುದಿನ ನಸುಕಿನಲ್ಲಿ ಅವನು ಗಂಬಳಿ ಸುತ್ತಿ, ಕಲ್ಲು ಕಟ್ಟಿ ಬಂದರಿಗೆ ಸಾಗಿಸಿದ. ಅನುವೂ ಜೊತೆಗೆ ಹೋದಳು. ಮೀನುಗಾರ ಬಾಬ್ಜಿಯ ದೋಣಿಯಲ್ಲಿ, ದಡದ ಕಟ್ಟಡಗಳು ಅಳಿಸಿಹೋಗುವಷ್ಟು ದೂರ ಹೋದರು. ಇಬ್ಬರೂ ಸೇರಿ ಸುರುಳಿಯನ್ನು ನೀರಿಗೆ ತಳ್ಳಿದರು. ಅದು ಒಂದಿಷ್ಟು ಹೊತ್ತು ತೇಲಿತು. ವಾಲಿತು. ಮುಳುಗತೊಡಗಿತು.

ಆಗ ನೀರಿನೊಳಗಿಂದ, ಎಷ್ಟೋ ದಿನಗಳಿಂದ ಅವಳು ಹಂಬಲಿಸಿದ ಅದೇ ದನಿ, ಒಂದೇ ಒಂದು ಸಲ ಕರೆಯಿತು.

“ಅನೂ.”

ಅವಳು ತಿರುಗಿ ನೋಡಿದಳು. ಪಕ್ಕದಲ್ಲಿ ಕೂತ ಧನಂಜಯನ ತುಟಿಗಳು ಮುಚ್ಚಿದ್ದವು. ಅವನಿಗೂ ಕೇಳಿಸಿತ್ತು.