ಕುದುರೆಗಳು ಮೊದಲು ಹೊಕ್ಕ ಮನೆ

ಬಹಳ ಹಿಂದೆ, ಬಿಸಿಲಿಗೂ ಗಾಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಒಂದು ರಾಜ್ಯದಲ್ಲಿ ಹೊನ್ನಾಜಿ ಎಂಬ ಹುಡುಗಿ ತನ್ನ ಅಪ್ಪ ಸಿದ್ದನಾಯ್ಕನ ಜೊತೆ ಸಾರೋಟು ಓಡಿಸಿಕೊಂಡಿದ್ದಳು. ಅಲ್ಲಿನ ರಾಜನಿಗೆ ಇದ್ದಕ್ಕಿದ್ದಂತೆ ಪಲ್ಲಕ್ಕಿಯ ಶೋಕಿ ಹತ್ತಿತು. ಕುದುರೆಗಾಡಿಯವರೆಲ್ಲ ಊರು ಬಿಡಬೇಕೆಂದು ಡಂಗುರ ಹೊಡೆಸಿದ. ಕೂತಲ್ಲಿಂದ ಏಳದ ರಾಜನಿಗೆ ಗಾಲಿಯ ಬೆಲೆ ಏನು ಗೊತ್ತು? ಅಪ್ಪ ಮಗಳು ತಮ್ಮ ಕರಿಯ, ಮುತ್ತ ಎಂಬ ಎರಡು ಕುದುರೆಗಳನ್ನು ಗಾಡಿಗೆ ಕಟ್ಟಿ, ಪಾತ್ರೆ ಪಡಗ ಹೇರಿಕೊಂಡು ಹೊರಟರು. ಹೋಗಿ ಹೋಗಿ ಮಣ್ಣಿನ ದಾರಿ ಮುಗಿದು ಮರಳು ಶುರುವಾಯಿತು. ಅದು ಬೆಂಗಾಡಿನ ರಾಣಿಯ ರಾಜ್ಯ.

ರಾಣಿ ಅವರಿಗೊಂದು ಒಂಟಿ ಮನೆ ತೋರಿಸಿದಳು. ಗಾಡಿಯೇ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಅಂಗಳದಲ್ಲಿ ಬತ್ತಿದ ಬಾವಿ, ಸುತ್ತಲೂ ಮರಳಿನ ದಿಬ್ಬಗಳು.

“ಮೂರು ಸಂಜೆ ಇಲ್ಲಿ ಉಳಿದ್ರೆ ಮನೆ ನಿಮ್ಮದೇ ಮಗಳೇ,” ಎಂದಳು ರಾಣಿ. “ಆದ್ರೆ ನಿನ್ನ ಹತ್ರ ಸುಳ್ಳು ಹೇಳೋದಿಲ್ಲ. ಹುಡಿಗಣ್ಣ ಅಂತ ಒಬ್ಬ ಮಂತ್ರವಾದಿ ಬರ್ತಾನೆ. ಹೊಸದಾಗಿ ಬಂದವರಲ್ಲಿ ಈ ಹೊಸ್ತಿಲು ಮೊದಲು ದಾಟಿದವರನ್ನ ಕರೀತಾನೆ. ಅವರು ಹೊರಟ್ರೆ, ಆಮೇಲೆ ದಾಟಿದವರ ಕಾಲೂ ತಾನಾಗಿ ಅವರ ಹಿಂದೆ ಹೊರಡುತ್ತೆ. ಈ ದಿಬ್ಬಗಳೆಲ್ಲ ಹಾಗೆ ಹೋಗಿ ಮರಳಾದ ಸಂಸಾರಗಳು.”

ಹೊನ್ನಾಜಿ ದಿಬ್ಬಗಳನ್ನು ಒಂದೊಂದಾಗಿ ನೋಡಿದಳು. ಆದರೆ ತಿರುಗಿ ಹೋಗಲು ಅವಳಿಗೆ ಬೇರೆ ಊರೇ ಇರಲಿಲ್ಲ.

ಗಾಡಿಯವರಲ್ಲಿ ಒಂದು ಪದ್ಧತಿ. ಹೊಸ ಮನೆಗೆ ಮೊದಲು ಕುದುರೆಗಳು ಹೋಗಬೇಕು, ಅವುಗಳ ಹಿಂದೆ ಮನುಷ್ಯರು. ಹೊನ್ನಾಜಿ ಕರಿಯ, ಮುತ್ತರ ಹಣೆಗೆ ಕುಂಕುಮವಿಟ್ಟು, ಆರತಿ ಎತ್ತಿ ಒಳಗೆ ಕರೆದಳು. ರಾಣಿಯ ಆಳುಗಳು ಬಾಯಿಗೆ ಸೆರಗು, ರುಮಾಲು ಹಿಡಿದು ನಕ್ಕರು.

ಮೊದಲ ಸಂಜೆ ಹುಡಿಗಣ್ಣ ಬಂದು ಹೊಸ್ತಿಲ ಹೊರಗೇ ನಿಂತ. ಮೈಯೆಲ್ಲ ಧೂಳು, ಕಣ್ಣೂ ಧೂಳು. “ಮೊದಲು ದಾಟಿದವರೇ, ಬನ್ನಿ,” ಎಂದ. ಗಾಡಿ ಕುದುರೆಗೆ ಯಜಮಾನರ ದನಿ ಮಾತ್ರ ದನಿ, ಉಳಿದದ್ದು ಬರೀ ಗದ್ದಲ. ಕರಿಯ ಬಾಲ ಬೀಸಿತು. ಮುತ್ತ ಹುರುಳಿ ಅಗಿಯುತ್ತಲೇ ಇತ್ತು. ಹುಡಿಗಣ್ಣ ಕರೆದೂ ಕರೆದೂ ಗಂಟಲು ಕಟ್ಟಿಸಿಕೊಂಡು ಹೋದ.

ಎರಡನೆಯ ಸಂಜೆ ಅವನು ಮರಳಿನ ಹುಲಿಗಳನ್ನು ಮಾಡಿ ಎಡಬಲದ ಕಿಟಕಿಗಳಿಂದ ಒಳಗೆ ನುಗ್ಗಿಸಿದ. ಕುದುರೆಗಳು ಹೆದರಿ ಕೆನೆದವು. ಹೊನ್ನಾಜಿ ಓಡಿಹೋಗಿ ಅವಕ್ಕೆ ಕಣ್ಣುಪಟ್ಟಿ ಕಟ್ಟಿದಳು, ಪಕ್ಕದ್ದೇನೂ ಕಾಣದ ಹಾಗೆ. ಎದುರಿಗೆ ತಾನೇ ನಿಂತು, “ನಾನಿಲ್ವಾ ಕಂದಾ, ಸುಮ್ನಿರಿ,” ಎಂದು ಮೂಗು ಸವರಿದಳು. ಕುದುರೆಗಳು ಕದಲಲಿಲ್ಲ. ಹೆದರುವವರಿಲ್ಲದೆ ಹುಲಿಗಳು ಅಲ್ಲೇ ಉದುರಿಬಿದ್ದವು. ಸಿದ್ದನಾಯ್ಕ ಗೊಣಗುತ್ತ ಮನೆ ಗುಡಿಸಿದ.

ಮೂರನೆಯ ಸಂಜೆ ಹುಡಿಗಣ್ಣ ಒಂದು ಚಿಟಿಕೆ ಧೂಳು ಊದಿ ಹೊನ್ನಾಜಿಯ ದನಿಯನ್ನೇ ಕದ್ದ. ಅವಳದೇ ದನಿಯಲ್ಲಿ, “ಬನ್ನಿ ಮಕ್ಳಾ,” ಎಂದು ಕರೆದ. ಕುದುರೆಗಳು ಹೊಸ್ತಿಲು ದಾಟಿ ಅಂಗಳಕ್ಕೆ ನಡೆದವು. ಅಪ್ಪ ಮಗಳ ಕಾಲುಗಳೂ ಹಿಂದೆಯೇ ಹೊರಟವು.

“ನಡೆದು ಯಾಕೆ ಹೋಗ್ಲಿ? ನಿಮ್ಮ ಗಾಡೀಲೇ ಮೆರ್ಕೊಂಡು ಹೋಗ್ತೀನಿ,” ಎಂದ ಹುಡಿಗಣ್ಣ. ಅಂಗಳದಲ್ಲಿದ್ದ ಗಾಡಿಗೆ ಕುದುರೆ ಕಟ್ಟಿದ. ಅವನು ಹುಟ್ಟಿದಾರಭ್ಯ ಲಗಾಮು ಹಿಡಿದವನಲ್ಲ. ಎಡಕ್ಕೆ ಪಳಗಿದ ಕರಿಯನನ್ನು ಬಲಕ್ಕೆ ಕಟ್ಟಿದ, ಬಲದ ಮುತ್ತನನ್ನು ಎಡಕ್ಕೆ. ಎರಡೂ ತಮ್ಮ ತಮ್ಮ ಜಾಗಕ್ಕಾಗಿ ಹೆಗಲಿಗೆ ಹೆಗಲು ಗುದ್ದಾಡಿದವು. ಗಾಡಿ ಬಾವಿಯ ಸುತ್ತ ಗಿರಗಿರ ತಿರುಗಿತು, ಅಪ್ಪ ಮಗಳೂ ಅದರ ಹಿಂದೆ ತಿರುಗಿದರು.

ಬಾಗಿಲ ಬಳಿ ಬಂದಾಗ ಹೊನ್ನಾಜಿಯ ಕೈಗೆ ಹುರುಳಿ ಅಳೆಯುವ ಹಿತ್ತಾಳೆಯ ಸೇರು ಸಿಕ್ಕಿತು. ದನಿ ಹೋದರೇನು, ಕೈ ಇತ್ತಲ್ಲ. ದಿನಾ ಹುರುಳಿಗೆ ಕರೆಯುವ ಹಾಗೆ ಅವಳು ಅದನ್ನು ಗೋಡೆಗೆ ಠಣ್ ಠಣ್ ಎಂದು ಬಡಿದಳು. ಹಸಿದ ಕುದುರೆಗಳಿಗೆ ಎಡವೂ ಮರೆತುಹೋಯಿತು, ಬಲವೂ ಮರೆತುಹೋಯಿತು. ಗಾಡಿಯನ್ನೂ ಹುಡಿಗಣ್ಣನನ್ನೂ ಎಳೆದುಕೊಂಡು ನೇರ ಮನೆಯೊಳಗೆ ನುಗ್ಗಿದವು.

ಈಗ ಹುಡಿಗಣ್ಣನೂ ಹೊಸ್ತಿಲು ದಾಟಿದವನೇ. ಮೊದಲು ದಾಟಿದ ಕುದುರೆಗಳ ಹಿಂದೆ ಅವನ ಕಾಲೂ ಹೋಗಬೇಕು. ತಾನೇ ಹಾಕಿದ ಮಂತ್ರ, ಯಾರಿಗೆ ದೂರು ಹೇಳುತ್ತಾನೆ?

ಹೊನ್ನಾಜಿ ಅವನನ್ನು ಕೆಳಗಿಳಿಸಿ, ಕುದುರೆಗಳಿಗೆ ಒಂದೊಂದು ಮುಷ್ಟಿ ಹುರುಳಿ ತಿನ್ನಿಸಿ, ಸರಿಯಾಗಿ ಕಟ್ಟಿದಳು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಗಾಮು ಹಿಡಿದಳು. ಗಾಡಿ ದಿಬ್ಬಗಳ ನಡುವೆ ಹಾರಿತು. ಹುಡಿಗಣ್ಣ ಏದುಸಿರು ಬಿಡುತ್ತ ಹಿಂದೆ ಓಡಿದ. ಓಡಿದಷ್ಟೂ ಅವನ ಮೈಯಿಂದ ಮಂತ್ರದ ಹುಡಿ ಉದುರಿತು. ಉದುರಿದ ಕಡೆಯೆಲ್ಲ ದಿಬ್ಬಗಳು ಮೈ ಕೊಡವಿಕೊಂಡು ಮನುಷ್ಯರಾಗಿ ಎದ್ದವು. ಗಂಡಸರು, ಹೆಂಗಸರು, ಕಂಕುಳ ಕೂಸುಗಳು. ಕೊನೆಯ ದಿಬ್ಬ ಎದ್ದಾಗ ಗಾಡಿಯ ಹಿಂದೆ ಯಾರೂ ಇರಲಿಲ್ಲ. ಬಾವಿಯಲ್ಲಿ ನೀರು ಗುಳುಗುಳು ಉಕ್ಕಿತು.

ಎದ್ದುಬಂದವರು ಅಂಗಳದ ತುಂಬ ನೆರೆದರು. ಎಷ್ಟು ಸಂಸಾರಗಳೋ, ಹೊನ್ನಾಜಿಗೆ ಒಂದೇ ಸಂಜೆಗೆ ಒಂದು ಊರಿನಷ್ಟು ನೆರೆಹೊರೆ. ಅವಳ ಗಂಟಲಲ್ಲಿ ಏನೋ ಸಡಿಲವಾಯಿತು. ಅವಳು ಸಂತೋಷ ತಡೆಯಲಾರದೆ ಅತ್ತಳು, ಆಮೇಲೆ ತನ್ನದೇ ದನಿಯಲ್ಲಿ ಹೇಳಿದಳು:

“ಅಪ್ಪಾ, ಕುದ್ರೆ ಕಟ್ಟೋಕೆ ಗೂಟ ಹೊಡಿ. ಆಳವಾಗಿ ಹೊಡಿ, ಇನ್ನು ಕೀಳೋ ಹಂಗಿಲ್ಲ.”

ಸಿದ್ದನಾಯ್ಕ ಗೂಟ ಹೊಡೆದ. ಆ ಸದ್ದು ಕೇಳಿದವರೆಲ್ಲ ಅಲ್ಲೇ ಮನೆ ಕಟ್ಟಿಕೊಂಡು ನೂರು ಕಾಲ ಹಾಯಾಗಿ ಬಾಳಿದರು.