ತೂಬಿನ ಬಾಯಿಯ ಎರಡೆಕರೆ

ಯಂಕೋಬನ ಹೊಲಕ್ಕೆ ಕಾಲುವೆ ನೀರು ಬರುತ್ತಿದ್ದುದು ಮೌಲಾಹುಸೇನನ ಹೊಲ ಕುಡಿದು ಬಿಟ್ಟ ಮೇಲೆ. ತುರ್ವಿಹಾಳದಲ್ಲಿ ತೂಬಿನ ಬಾಯಿಗೇ ಇದ್ದ ಎರಡೆಕರೆ ಮೌಲಾಹುಸೇನನದು, ಅದರ ಬೆನ್ನಿಗೆ ಯಂಕೋಬನದು. ನೀರಿನ ಪಾಳಿಯ ದಿನ ಸನಿಕೆ ಹಿಡಿದು ಬದುವಿನ ಮೇಲೆ ಕಾಯುವಾಗೆಲ್ಲ ಆ ಎರಡೆಕರೆ ಅವನ ಕಣ್ಣು ಚುಚ್ಚುತ್ತಿತ್ತು.

೧೯೮೨ರಲ್ಲಿ ಮೌಲಾಹುಸೇನ ತೀರಿಕೊಂಡ. ಹೆಂಡತಿ ಖಾತೂನ್‌ಬೀ ಮನೆಗೆ ಬೀಗ ಹಾಕಿ, ಹೊಲದ ಬಗ್ಗೆ ಯಾರಿಗೂ ಏನೂ ಹೇಳದೆ, ಮಸ್ಕಿಯ ಮಗಳ ಮನೆ ಸೇರಿದಳು. ಒಂದು ಬೆಳೆ ಹೊಲ ಬೀಳು ಬಿತ್ತು. ಮುಂದಿನ ಮುಂಗಾರಿಗೆ ಯಂಕೋಬ ನಡುವಿನ ಬದು ಒಡೆದು, ಗಳೆ ಹೊಡೆದು ಅದನ್ನೂ ಉತ್ತ.

ಆಮೇಲೆ ಲಿಂಗಸೂಗೂರಿಗೆ ಹೋದ. ಸಿಂಧನೂರಿನಲ್ಲೂ ವಕೀಲರಿದ್ದರು, ಆದರೆ ಅಲ್ಲಿ ಬಸ್ಸಿಳಿದರೆ ಸಾಕು, ಗುರುತಿನವರು ಮಾತಾಡಿಸುತ್ತಾರೆ. ಲಿಂಗಸೂಗೂರಿನ ವಕೀಲ ಸೂಗಪ್ಪನವರ ಮುಂದೆ ಕೂತು, ಇದು ತನ್ನ ಗೆಳೆಯನೊಬ್ಬನ ತಕರಾರು ಎಂದು ಹೇಳಿಕೊಂಡ. ಅವರು ಬಿಡಿಸಿ ಹೇಳಿದರು: ಇನ್ನೊಬ್ಬರ ಹೊಲವನ್ನು ಮಾಲೀಕನ ಹಾಗೆ, ಎಲ್ಲರಿಗೂ ಕಾಣುವಂತೆ, ಹನ್ನೆರಡು ವರ್ಷ ಬಿಡದೆ ಉಂಡು, ನಿಜವಾದ ಮಾಲೀಕ ಗೊತ್ತಿದ್ದೂ ಸುಮ್ಮನಿದ್ದರೆ, ಆಮೇಲೆ ಅವನಿಗೆ ಕೇಳುವ ಹಕ್ಕಿರುವುದಿಲ್ಲ.

“ನಿಮ್ಮ ಗೆಳೆಯಗ ಹೇಳ್ರಿ,” ಎಂದರು, “ಕದ್ದು ಮಾಡಬಾರದು. ಹಾಡಹಗಲ ಮಾಡಬೇಕು.”

ಹಾಡಹಗಲೇ ಮಾಡಬಹುದಾದ ಕಳ್ಳತನ. ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಒಳಗೊಳಗೇ ನಗು ಬಂತು. ಮಸ್ಕಿ ದಾಟುವಾಗ ಮಾತ್ರ ಕಿಟಕಿಯ ಕಡೆ ನೋಡಲಿಲ್ಲ.

ಅವನು ಯಾವುದಕ್ಕೂ ಅವಸರ ಮಾಡಲಿಲ್ಲ. ಊರ ಲೆಕ್ಕಿಗನನ್ನು ಹಬ್ಬಕ್ಕೆ ಊಟಕ್ಕೆ ಕರೆದ. ಪಹಣಿಯಲ್ಲಿ ಸಾಗುವಳಿದಾರನ ಹೆಸರು ಬದಲಾಯಿತು. ಕಂದಾಯವನ್ನು ತಾನೇ ಕಟ್ಟಿ ರಸೀದಿಗಳನ್ನು ಟ್ರಂಕಿನಲ್ಲಿಟ್ಟ. ನಾಟಿಗೆ ದಢೇಸುಗೂರಿನಿಂದ ಆಳುಗಳನ್ನು ಕರೆಸಿದ; ಅವರಿಗೆ ಅದು ಮೊದಲಿನಿಂದಲೂ ಯಂಕೋಬನ ಹೊಲವೇ. ಚಹದಂಗಡಿಯಲ್ಲಿ ಯಾರಾದರೂ ‘ಮೌಲಾನ ಹೊಲ’ ಎಂದರೆ ‘ನಮ್ಮ ಹೊಲ’ ಎಂದು ತಿದ್ದುತ್ತಿದ್ದ. ಹಾಗೆ ತಿದ್ದಿದಾಗಲೆಲ್ಲ ಒಂದು ಹಳೆಯ ಸಂಗತಿ ನೆನಪಾಗುತ್ತಿತ್ತು. ಹಿಂದೊಂದು ವರ್ಷ ಯಂಕೋಬನ ಸಸಿ ಮಡಿ ಒಣಗುವಾಗ ಇದೇ ಮೌಲಾಹುಸೇನ ತನ್ನ ಪಾಳಿಯ ನೀರನ್ನು ಕೇಳದೆಯೇ ಇತ್ತ ತಿರುಗಿಸಿದ್ದ. ಅದನ್ನು ಮರೆಯಲು ಯಂಕೋಬ ಬಹಳ ದುಡಿದ; ಆ ಎರಡೆಕರೆಯಲ್ಲಿ ದುಡಿದಷ್ಟು ತನ್ನ ಹೊಲದಲ್ಲೂ ದುಡಿಯಲಿಲ್ಲ.

ಹೆಂಡತಿ ಅಮರಮ್ಮನಿಗೆ ಮಾತ್ರ ಒಮ್ಮೆ ಹೇಳಿದ. ಅವಳು ಹೊಲಕ್ಕೆ ಬುತ್ತಿ ತಂದಿದ್ದಳು.

“ಹನ್ನೆರಡು ವರ್ಷ ಖಾತೂನಕ್ಕ ಬಾಯಿ ಬಿಡಲಿಲ್ಲಂದ್ರ ಹೊಲ ನಮ್ದ.”

“ಆಕಿಗೆ ಇನ್ನೇನೈತಿ?” ಎಂದಳು ಅಮರಮ್ಮ.

ಅವನು ಉಂಡು ಕೈ ತೊಳೆದ. ಅವಳು ಬುತ್ತಿ ಗಂಟು ಕಟ್ಟಿಕೊಂಡು ಎದ್ದಳು, ಮತ್ತೆಂದೂ ಆ ಮಾತು ಎತ್ತಲಿಲ್ಲ. ಒಪ್ಪಿಕೊಂಡಳು ಎಂದುಕೊಂಡ.

ಖಾತೂನ್‌ಬೀ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಎದುರಾದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹೊಲ ಹೇಗಿದೆ ಎಂದು ಕೇಳಿದಳು. ನಾನು ಮಾಡುತ್ತಿದ್ದೇನೆ ಎಂದ. ಗೊತ್ತು ಎಂದಳು. ಆಮೇಲೆ ಚಹ ತರಿಸಿ, ಮಕ್ಕಳ ಬಗ್ಗೆ ವಿಚಾರಿಸಿ, “ನಿನ್ನ ಹೊಟ್ಟಿ ತಣ್ಣಗಿರಲಿ ತಮ್ಮಾ,” ಎಂದಳು. ಅವಳಿಗೆ ಗೊತ್ತಿದೆ, ಗೊತ್ತಿದ್ದೂ ಸುಮ್ಮನಿದ್ದಾಳೆ. ವಕೀಲರು ಹೇಳಿದಂತೆಯೇ ಎಲ್ಲ ನಡೆಯುತ್ತಿತ್ತು. ಆದರೂ ಚಹ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

೧೯೯೫ರ ಮುಂಗಾರಿನ ಸುಗ್ಗಿ ಮುಗಿಯಿತು; ಹನ್ನೆರಡು ವರ್ಷ ತುಂಬಿತ್ತು. ಯಂಕೋಬ ರಸೀದಿಗಳನ್ನು ಹೊತ್ತು ಮತ್ತೆ ಲಿಂಗಸೂಗೂರಿಗೆ ಹೋದ. ಈ ಸಲ ಗೆಳೆಯನ ತಕರಾರು ಎನ್ನಲಿಲ್ಲ. ಸೂಗಪ್ಪನವರು ಎಲ್ಲವನ್ನೂ ನೋಡಿ, ಇಷ್ಟು ಗಟ್ಟಿಯಾಗಿ ಯಾರೂ ದಾಖಲೆ ಮಾಡಿಟ್ಟುಕೊಂಡಿದ್ದನ್ನು ಕಂಡಿಲ್ಲ ಎಂದರು. ಖಾತೂನ್‌ಬೀಗೆ ನೋಟಿಸು ಹೋಯಿತು.

ಅವಳು ಬೇರೆ ವಕೀಲರ ಹತ್ತಿರ ಹೋಗಲಿಲ್ಲ. ಓದಲು ಬಾರದ ಆ ಕಾಗದ ಹಿಡಿದು, ಅದು ಎಲ್ಲಿಂದ ಬಂದಿದೆ ಎಂದು ಕೇಳುತ್ತ ಸೀದಾ ಸೂಗಪ್ಪನವರ ಆಫೀಸಿಗೇ ಬಂದಳು. ಯಂಕೋಬನೂ ಅಲ್ಲೇ ಕೂತಿದ್ದ. ಅವನನ್ನು ಕಂಡು ಅವಳ ಮುಖ ಅರಳಿತು. ಅವನು ನೆಲ ನೋಡಿದ.

ಸೂಗಪ್ಪನವರು ಪೆನ್ನು ತೆಗೆದರು. ಅವಳ ಬಾಯಿಂದಲೇ ಒಂದು ಮಾತು ಬಂದರೆ ಕೆಲಸ ಹಗುರ.

“ಯವ್ವಾ, ಇಷ್ಟು ವರ್ಷ ಇವರು ನಿನ್ನ ಹೊಲ ಉಂಡಾರ. ನೀ ಒಮ್ಮೆನೂ ಯಾಕ ಕೇಳಲಿಲ್ಲ?”

“ಏನಂತ ಕೇಳಲಿರೀ?” ಎಂದಳು ಖಾತೂನ್‌ಬೀ. “ಸುಗ್ಗಿ ಆದ ಕೂಡಲೇ ನನ್ನ ಪಾಲಿನ ಅಕ್ಕಿ ಮನಿಗೇ ಬರತೈತಿ. ಒಂದು ವರ್ಷನೂ ತಪ್ಪಿಲ್ಲ. ‘ನಮ್ಮನಿಯವ್ರು ಕಳ್ಸ್ಯಾರ’ ಅಂತ ಅಮರಮ್ಮನೇ ತಂದು ಕೊಡ್ತಾಳ.”

ವಕೀಲರು ಪೆನ್ನು ಕೆಳಗಿಟ್ಟರು. ಪಾಲು ಕೊಟ್ಟರೆ ಹೊಲ ಅವಳದೇ ಎಂದು ಒಪ್ಪಿದ ಹಾಗೆ, ಹನ್ನೆರಡು ವರ್ಷದ ಲೆಕ್ಕ ಶುರುವೇ ಆಗುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿ, “ಖರೇನ ನೀವು ಕಳ್ಸೀರೇನು?” ಎಂದು ಯಂಕೋಬನನ್ನು ಕೇಳಿದರು. ಇಲ್ಲ ಎಂದಿದ್ದರೆ ಇನ್ನೂ ಹೊಡೆದಾಡಬಹುದಿತ್ತೇನೋ. ಖಾತೂನ್‌ಬೀ ಅವನನ್ನೇ ನೋಡುತ್ತಿದ್ದಳು. “ಹೌದ್ರೀ,” ಎಂದ. ಪೂರ್ತಿ ಸುಳ್ಳೇನಲ್ಲ. ಪ್ರತಿ ಸುಗ್ಗಿ ಮುಗಿದ ಮೇಲೆ ಅಮರಮ್ಮ ಮಸ್ಕಿ ಕಡೆಯ ತವರಿಗೆ ಹೊರಟಾಗ, ಭಾರದ ಚೀಲವೊಂದನ್ನು ಬಸ್ಸಿನ ಮೇಲೆ ಎತ್ತಿ ಹಾಕುತ್ತಿದ್ದವನು ಅವನೇ. ಅದು ಯಾರಿಗೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.